ನಾಯಿಮರಿಯ ಆರೋಗ್ಯ: ಮನೆಯಲ್ಲೇ ನೋಡಿ ತಿಳಿಯುವ ಬಗೆ

ಗುಂಡ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ಮರಿ. ಬೀದಿಯ ತಾಯಿಗೆ ಹುಟ್ಟಿದವನು. ಕಂದು ಮೈ, ಬಿಳಿ ಕಾಲು. ಬಂದ ಹನ್ನೆರಡನೆಯ ದಿನ, ಒಂದು ಶನಿವಾರ ಸಂಜೆ, ಊಟದ ಬಟ್ಟಲಿನ ಬಳಿಗೆ ಬಂದು, ಮೂಸಿ, ಹಾಗೆಯೇ ಹಿಂತಿರುಗಿದ. ಆಡಿ ದಣಿದಿರಬೇಕು ಎಂದುಕೊಂಡೆವು. ರಾತ್ರಿ ಎರಡು ಬಾರಿ ವಾಂತಿ ಮಾಡಿದ. ನಾಳೆ ಭಾನುವಾರ, ಸೋಮವಾರ ತೋರಿಸೋಣ ಎಂದೆವು. ಸೋಮವಾರ ಬೆಳಿಗ್ಗೆ ವೈದ್ಯರು ಕೇಳಿದ್ದು ಸರಳ ಪ್ರಶ್ನೆಗಳನ್ನೇ: ಕೊನೆಯ ಸಲ ಊಟ ಮಾಡಿದ್ದು ಎಷ್ಟು ಗಂಟೆಗೆ? ಹೋದ ವಾರ ತೂಕ ಎಷ್ಟಿತ್ತು? ಜ್ವರ ಯಾವಾಗಿನಿಂದ? ಮಲದ ಬಣ್ಣ ಹೇಗಿತ್ತು? ಒಂದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಪಾರ್ವೊ ವೈರಾಣು ಅಷ್ಟು ಹೊತ್ತಿಗಾಗಲೇ ಅವನ ಕರುಳನ್ನು ಹಾಳುಮಾಡಿತ್ತು. ಅಂದು ಸಂಜೆಯೇ ಗುಂಡ ಹೋದ.

ಈಗ ನಮ್ಮ ಜೊತೆಗಿರುವ ಬೆಲ್ಲ ಎಂಬ ಹೆಣ್ಣುನಾಯಿ ಮರಿಯಾಗಿ ಬಂದ ದಿನವೇ ನಾನು ಒಂದು ನೋಟ್‌ಬುಕ್ ತಂದಿಟ್ಟೆ. ಈ ಬರಹದ ಬಹುಪಾಲು ಆ ನೋಟ್‌ಬುಕ್ಕಿನಿಂದ ಬಂದದ್ದು. ಪ್ರತಿ ಸಲ ಲಸಿಕೆ ಹಾಕಿಸಲು ಹೋದಾಗ ವೈದ್ಯರನ್ನು ಕಾಡಿ ಬೇಡಿ ಕೇಳಿ ತಿಳಿದದ್ದೂ ಇದರಲ್ಲಿ ಸೇರಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮನೆಯ ತಪಾಸಣೆಯಿಂದ ರೋಗ ಯಾವುದೆಂದು ಹೇಳಲು ಬರುವುದಿಲ್ಲ, ಹೇಳಲು ಹೋಗಲೂಬಾರದು. ನಮ್ಮ ಕೆಲಸ ಬೇರೆ: ಮರಿ ಚೆನ್ನಾಗಿರುವ ದಿನ ಅದರ ಉಸಿರು, ಒಸಡು, ಹಸಿವು, ನಿದ್ದೆ, ಮಲ ಹೇಗಿರುತ್ತವೆ ಎಂದು ಗುರುತಿಟ್ಟುಕೊಳ್ಳುವುದು. ಆಗ ಮಾತ್ರ ಕೆಟ್ಟ ದಿನ ಬಂದಾಗ ಮೊದಲ ಗಂಟೆಯಲ್ಲೇ ಕಣ್ಣಿಗೆ ಬೀಳುತ್ತದೆ. ದೊಡ್ಡ ನಾಯಿ ಒಂದೆರಡು ದಿನ ಉಪವಾಸ ಬಿದ್ದರೂ ತಡೆದುಕೊಳ್ಳಬಹುದು. ಮರಿಯ ಮೈಯಲ್ಲಿ ಅಂತಹ ದಾಸ್ತಾನು ಇರುವುದಿಲ್ಲ. ನೀರು, ಸಕ್ಕರೆ, ಬಿಸುಪು ಮೂರೂ ಗಂಟೆಗಳ ಲೆಕ್ಕದಲ್ಲಿ ಕರಗುತ್ತವೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಹೆಚ್ಚೇನೂ ಬೇಡ. ಒಂದು ಡಿಜಿಟಲ್ ಥರ್ಮಾಮೀಟರ್, ಮರಿಗೆಂದೇ ಬೇರೆಯದು, ಮೇಲೆ ಹೆಸರು ಬರೆದಿಡಿ. ಸ್ವಲ್ಪ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್. ಹತ್ತಿ, ಸ್ಪಿರಿಟ್, ಚಿಕ್ಕ ಟಾರ್ಚ್, ಉಣ್ಣೆ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳು) ಕೀಳಲು ಚಿಮುಟ, ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ. ಮರಿ ದೊಡ್ಡದಾದ ಮೇಲೆ ಮನುಷ್ಯರು ನಿಲ್ಲುವ ಯಂತ್ರವೇ ಸಾಕು: ಮರಿಯನ್ನು ಎತ್ತಿಕೊಂಡು ನಿಂತಾಗ ಬಂದ ತೂಕದಿಂದ ನಿಮ್ಮ ತೂಕವನ್ನು ಕಳೆಯಿರಿ. ಹಳ್ಳಿಯಲ್ಲಾದರೆ ಮರಿಯನ್ನು ಬಟ್ಟೆಯ ಚೀಲದಲ್ಲಿ ಕೂರಿಸಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಳ್ಳಬಹುದು. ಇವುಗಳ ಜೊತೆಗೆ ನೋಟ್‌ಬುಕ್ಕು, ಅದಕ್ಕೇ ದಾರದಲ್ಲಿ ಕಟ್ಟಿದ ಒಂದು ಪೆನ್ನು. ಪೆನ್ನು ಹುಡುಕುವ ಸೋಮಾರಿತನದಿಂದಲೇ ಬರೆಯುವ ಅಭ್ಯಾಸ ತಪ್ಪಿಹೋಗುವುದು.

ಮರಿ ಬೀದಿಯಿಂದ ಈಗಷ್ಟೇ ಬಂದಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ನೀರು ನುಂಗಲು ಆಗದಿದ್ದರೆ, ಅಥವಾ ಅದರ ಸ್ವಭಾವ ಇದ್ದಕ್ಕಿದ್ದಂತೆ ಬದಲಾಗಿದ್ದರೆ ಬಾಯಿಗೆ ಕೈ ಹಾಕಲೇಬೇಡಿ. ಚಿಕ್ಕ ಮರಿಗೂ ರೇಬೀಸ್ ಇರಬಹುದು. ಪುಟ್ಟ ಹಲ್ಲು ತಾಗಿ ಗೀರಿದರೂ, ತೆರೆದ ಗಾಯಕ್ಕೆ ಜೊಲ್ಲು ಸೋಕಿದರೂ ಆ ಜಾಗವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಮರಿಯಲ್ಲವೇ, ಏನಾಗುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ.

ಹೆಜ್ಜೆ 1: ಮುಟ್ಟುವ ಮುನ್ನ ದೂರದಿಂದ ನೋಡಿ

ಮರಿಯನ್ನು ಎತ್ತಿಕೊಂಡ ಕ್ಷಣವೇ ಅದರ ಉಸಿರು, ನಾಡಿ, ನಡೆ ಎಲ್ಲವೂ ಬದಲಾಗುತ್ತವೆ. ಆದ್ದರಿಂದ ಎರಡು ನಿಮಿಷ ಸುಮ್ಮನೆ ಕುಳಿತು ನೋಡಿ. ಎದ್ದು ಬರುವಾಗ ನಾಲ್ಕು ಕಾಲೂ ಸಮನಾಗಿ ಊರುತ್ತಿದೆಯೇ? ತಲೆ ಒಂದು ಕಡೆಗೆ ವಾಲಿದೆಯೇ? ಬೆನ್ನು ಗೂನಾಗಿದೆಯೇ? ಹೊಟ್ಟೆನೋವಿದ್ದಾಗ ಮರಿ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲುತ್ತದೆ. ಕೆಲವು ಮರಿಗಳು ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ ಬಹಳ ಹೊತ್ತು ಹಾಗೆಯೇ ಉಳಿಯುತ್ತವೆ. ಆಟಕ್ಕೆ ಕರೆಯುವ ಭಂಗಿಯೂ ಹೀಗೆಯೇ ಇರುತ್ತದೆ, ಆದರೆ ಆಡುವ ಮರಿಯ ಬಾಲ ಅಲ್ಲಾಡುತ್ತದೆ, ಕಣ್ಣು ನಿಮ್ಮ ಮೇಲಿರುತ್ತದೆ.

ಎರಡು ತಿಂಗಳ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗುವುದು ಸಹಜ. ಹಾಗಾದರೆ ನಿದ್ದೆ ಯಾವುದು, ಮಂಕು ಯಾವುದು? ಊಟದ ಬಟ್ಟಲನ್ನು ಸದ್ದಾಗುವಂತೆ ನೆಲಕ್ಕಿಡಿ. ನಿದ್ದೆಯ ಮರಿ ಕಣ್ಣುಜ್ಜಿಕೊಂಡಾದರೂ ಓಡಿಬರುತ್ತದೆ. ಮಂಕಾದ ಮರಿ ತಲೆ ಎತ್ತಿ ನೋಡಿ ಮತ್ತೆ ಕೆಳಗಿಡುತ್ತದೆ, ಇಲ್ಲವೇ ಬಂದು ಮೂಸಿ ಹಿಂತಿರುಗುತ್ತದೆ. ಗುಂಡ ಆ ಸಂಜೆ ಮಾಡಿದ್ದು ಅದನ್ನೇ. ಒಂದು ಹೊತ್ತಿನ ಊಟ ಬಿಟ್ಟರೂ ಚುರುಕಾಗಿ ಓಡಾಡುವ ಮರಿಯನ್ನು ಕೆಲವು ಗಂಟೆ ಕಾದು ನೋಡಬಹುದು. ಊಟವನ್ನೂ ಬಿಟ್ಟು ಆಟವನ್ನೂ ಬಿಟ್ಟ ಮರಿಯನ್ನು ಕಾಯಿಸಬಾರದು.

ಹೆಜ್ಜೆ 2: ಮಲಗಿರುವಾಗ ಉಸಿರು ಎಣಿಸಿ

ಮರಿ ಗಾಢ ನಿದ್ದೆಯಲ್ಲಿರುವಾಗ ಪಕ್ಕೆ ಏರಿ ಇಳಿಯುವುದನ್ನು ನೋಡಿ. ಒಂದು ಏರಿಕೆ, ಒಂದು ಇಳಿಕೆ ಸೇರಿ ಒಂದು ಉಸಿರು. ಮೊಬೈಲ್‌ನಲ್ಲಿ 30 ಸೆಕೆಂಡ್ ಇಟ್ಟುಕೊಂಡು ಎಣಿಸಿ, ಎರಡರಿಂದ ಗುಣಿಸಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 15ರಿಂದ 35ರವರೆಗೆ ಇರುವುದು ಸಾಮಾನ್ಯ. ಕನಸು ಕಾಣುವಾಗ ಮರಿ ಕಾಲು ಒದೆಯುತ್ತದೆ, ಮೀಸೆ ಕುಣಿಸುತ್ತದೆ, ಉಸಿರೂ ತಾಳ ತಪ್ಪುತ್ತದೆ. ಆಗ ಎಣಿಸಬೇಡಿ. ಮೂರು ದಿನ ಎಣಿಸಿದರೆ ನಿಮ್ಮ ಮರಿಯ ಸಂಖ್ಯೆ ನಿಮಗೆ ಸಿಗುತ್ತದೆ. ಬೆಲ್ಲಳದು 22, 24, 22 ಎಂದು ಬರೆದಿದ್ದೆ. ಹಾಗಾಗಿ ಒಂದು ರಾತ್ರಿ 44 ಬಂದಾಗ ಯಾರ ಸಲಹೆಗೂ ಕಾಯಲಿಲ್ಲ. ಅವಳಿಗೆ ಶ್ವಾಸಕೋಶದ ಸೋಂಕು ಆರಂಭವಾಗಿತ್ತು. ಬೇಗ ಹೋದದ್ದರಿಂದ ಔಷಧದಲ್ಲೇ ವಾಸಿಯಾಯಿತು.

ಬಿಸಿಲಲ್ಲಿ ಓಡಿಬಂದಾಗ ನಾಲಿಗೆ ಚಾಚಿ ತೇಕುವುದು ಬೇರೆ, ತಂಪಾದ ಕೋಣೆಯಲ್ಲಿ ಮಲಗಿಯೂ ಹೊಟ್ಟೆಯನ್ನು ಒಳಕ್ಕೆಳೆದು ಉಸಿರಾಡುವುದು ಬೇರೆ. ಎರಡನೆಯದು ಯಾವ ಹೊತ್ತಿನಲ್ಲೂ ತುರ್ತು.

ಹೆಜ್ಜೆ 3: ತೂಕ

ಎಲ್ಲಕ್ಕಿಂತ ಸುಲಭವಾದ ಈ ಕೆಲಸವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನನ್ನು ಕೇಳಿದರೆ ಒಂದೇ ಒಂದು ಪರೀಕ್ಷೆ ಮಾಡಲು ಸಮಯವಿದೆ ಎನ್ನುವವರು ಮರಿಯನ್ನು ತೂಗಲಿ. ಆರೋಗ್ಯವಂತ ಹಸುಗೂಸು ಮರಿ ಹುಟ್ಟಿದ ಏಳರಿಂದ ಹತ್ತು ದಿನಗಳಲ್ಲಿ ಹುಟ್ಟುತೂಕದ ಎರಡರಷ್ಟಾಗುತ್ತದೆ. ಆ ವಯಸ್ಸಿನಲ್ಲಿ ದಿನವೂ ತೂಗಬೇಕು. ಎರಡು ತಿಂಗಳಾದ ಮೇಲೆ ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತು, ಊಟಕ್ಕೆ ಮುಂಚೆ ತೂಗಿದರೆ ಸಾಕು. ಅಂಕಿ ಏರುತ್ತಲೇ ಇರಬೇಕು. ಎರಡು ವಾರ ಅಲ್ಲೇ ನಿಂತರೆ ವೈದ್ಯರನ್ನು ಕೇಳಿ. ಇಳಿದಿದ್ದರೆ ಕರೆದುಕೊಂಡೇ ಹೋಗಿ. ಜಂತುಹುಳುವಿನ ಔಷಧವನ್ನು ತೂಕ ನೋಡಿಯೇ ಕೊಡಬೇಕಾದ್ದರಿಂದ ಈ ಅಂಕಿ ಅಲ್ಲಿಯೂ ಬೇಕು.

ತೂಕದ ಜೊತೆಗೆ ಪಕ್ಕೆಲುಬುಗಳ ಮೇಲೆ ಕೈಯಾಡಿಸಿ. ಒತ್ತದೆಯೇ ಬೆರಳಿಗೆ ಸಿಗಬೇಕು, ಆದರೆ ಎಲ್ಲವೂ ಎದ್ದು ಕಾಣಬಾರದು. ಇದಕ್ಕೊಂದು ವಿನಾಯಿತಿ ನಮ್ಮ ಬಾಗಲಕೋಟೆಯ ಮುಧೋಳ ನಾಯಿ. ಅದು ಓಟಕ್ಕೆಂದೇ ಬೆಳೆದ ತಳಿ, ಕಿರಿದಾದ ಸೊಂಟ, ಆಳವಾದ ಎದೆ. ಚೆನ್ನಾಗಿ ತಿಂದುಂಡು ಬೆಳೆದ ಮುಧೋಳ ಮರಿಯ ಪಕ್ಕೆಯೂ ತುಸು ಕಾಣುತ್ತದೆ. ಲ್ಯಾಬ್ರಡಾರ್ ಮರಿಯ ಪಕ್ಕದಲ್ಲಿಟ್ಟು ನೋಡಿ ಇದಕ್ಕೆ ತುರುಕಿ ತಿನ್ನಿಸುವುದು ತಪ್ಪು.

ಹೆಜ್ಜೆ 4: ಒಸಡು ಹೇಳುವ ಸುದ್ದಿ

ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ. ಒಸಡು ತಿಳಿ ಗುಲಾಬಿ ಬಣ್ಣದಲ್ಲಿದ್ದು ಒದ್ದೆಯಾಗಿ ಹೊಳೆಯಬೇಕು. ಬೆರಳ ತುದಿಯಿಂದ ಒಮ್ಮೆ ಒತ್ತಿ ಬಿಡಿ. ಒತ್ತಿದ ಜಾಗ ಬಿಳುಚಿಕೊಂಡು, ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು. ತಡವಾದರೆ ರಕ್ತಸಂಚಾರ ಕುಗ್ಗಿದೆ ಎಂದು ಅರ್ಥ. ಬೆರಳಿಗೆ ಒಸಡು ಅಂಟಂಟಾಗಿ ಸಿಕ್ಕರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಹೆಗಲ ಮೇಲಿನ ಚರ್ಮವನ್ನು ಹಿಡಿದೆತ್ತಿ ಬಿಟ್ಟಾಗ ಅದು ಥಟ್ಟನೆ ಮೊದಲಿನಂತಾಗಬೇಕು ಎಂಬ ಪರೀಕ್ಷೆಯೂ ಇದೆ. ಆದರೆ ಎಳೆಯ ಮರಿಗಳಲ್ಲಿ ಅದನ್ನು ಪೂರ್ತಿ ನಂಬಲಾಗದು, ಒಸಡೇ ಹೆಚ್ಚು ನಂಬಿಕಸ್ಥ.

ಒಸಡು ಕಾಗದದಂತೆ ಬಿಳಿಚಿದ್ದರೆ ರಕ್ತಹೀನತೆ. ನಮ್ಮ ಕಡೆಯ ಬೀದಿಮರಿಗಳಲ್ಲಿ ಇದಕ್ಕೆ ಮುಖ್ಯ ಕಾರಣ ಕೊಕ್ಕೆಹುಳು, ಉಣ್ಣೆ ಮತ್ತು ಚಿಗಟಗಳು. ಮೂರೂ ರಕ್ತ ಹೀರುತ್ತವೆ, ಅಂಗೈಯಗಲದ ಮರಿಯಲ್ಲಿ ರಕ್ತ ಇರುವುದಾದರೂ ಎಷ್ಟು? ಹಳದಿ ಛಾಯೆ ಕಾಮಾಲೆಯ ಗುರುತು, ಇಲಿಜ್ವರ ಅಥವಾ ಉಣ್ಣೆಯಿಂದ ಬರುವ ಜ್ವರ ಇರಬಹುದು. ನೀಲಿ ಬಣ್ಣ ಪ್ರಾಣವಾಯು ಸಾಲದು ಎನ್ನುತ್ತದೆ. ಇಟ್ಟಿಗೆಯಂತೆ ಕಡುಗೆಂಪಾಗಿದ್ದರೆ ಬಿಸಿಲಿನ ಹೊಡೆತ ಅಥವಾ ರಕ್ತದ ಸೋಂಕನ್ನು ಶಂಕಿಸಬೇಕು. ಈ ನಾಲ್ಕರಲ್ಲಿ ಯಾವುದು ಕಂಡರೂ ಉಳಿದ ಹೆಜ್ಜೆಗಳನ್ನು ಬಿಟ್ಟು ಹೊರಡಿ. ಕೆಲವು ಮರಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಆಗ ಕೆಳಗಣ್ಣಿನ ರೆಪ್ಪೆಯನ್ನು ಸ್ವಲ್ಪ ಕೆಳಗೆಳೆದು ಒಳಗಿನ ಬಣ್ಣ ನೋಡಿ.

ಬಾಯಿ ತೆರೆದಿರುವಾಗಲೇ ಹಲ್ಲುಗಳನ್ನೂ ನೋಡಿಬಿಡಿ. ಮೂರು ನಾಲ್ಕು ವಾರಕ್ಕೆ ಹಾಲುಹಲ್ಲು ಮೂಡಲಾರಂಭಿಸಿ, ಎರಡು ತಿಂಗಳ ಹೊತ್ತಿಗೆ 28 ಇರುತ್ತವೆ. ನಾಲ್ಕನೆಯ ತಿಂಗಳ ಸುಮಾರಿಗೆ ಉದುರತೊಡಗಿ, ಆರೇಳು ತಿಂಗಳಿಗೆ 42 ಕಾಯಂ ಹಲ್ಲುಗಳು ಬರುತ್ತವೆ. ಆ ದಿನಗಳಲ್ಲಿ ಆಟಿಕೆಯ ಮೇಲೆ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ. ಹಾಲಿನ ಕೋರೆಹಲ್ಲು ಬೀಳದೆ ಅದರ ಪಕ್ಕದಲ್ಲೇ ಹೊಸ ಕೋರೆ ಬಂದಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ಹೆಜ್ಜೆ 5: ಕಣ್ಣು, ಮೂಗು, ಕಿವಿ

ಕಣ್ಣು ತಿಳಿಯಾಗಿರಬೇಕು. ಬೆಳಿಗ್ಗೆ ಮೂಲೆಯಲ್ಲಿ ಸ್ವಲ್ಪ ಪಿಸುರು ಇರುವುದು ಸಹಜ, ಒದ್ದೆ ಹತ್ತಿಯಿಂದ ಒರೆಸಿದರಾಯಿತು. ಹಳದಿ ಹಸಿರು ಪಿಸುರು ದಿನವಿಡೀ ಬರುತ್ತಿದ್ದು, ಮೂಗಿನಿಂದಲೂ ಗಟ್ಟಿ ಸಿಂಬಳ ಇಳಿಯುತ್ತಿದ್ದು, ಜೊತೆಗೆ ಜ್ವರ, ಕೆಮ್ಮು ಇದ್ದರೆ ಡಿಸ್ಟೆಂಪರ್ ಇರಬಹುದೆಂಬ ಭಯ ನಮಗಿರಬೇಕು. ಲಸಿಕೆ ಕಾಣದ ಮರಿಗಳನ್ನು ಪಾರ್ವೊದಷ್ಟೇ ಕ್ರೂರವಾಗಿ ಒಯ್ಯುವ ರೋಗ ಅದು. ಕೆಲವು ವಾರಗಳ ನಂತರ ದವಡೆ ಅದುರುವುದು, ಕಾಲು ಎಳೆತ, ಫಿಟ್ಸ್ ಕಾಣಿಸಿಕೊಳ್ಳುತ್ತವೆ, ಅಂಗಾಲು ಗಡುಸಾಗುತ್ತದೆ.

ಮೂಗು ಒಣಗಿದ್ದರೆ ಜ್ವರ, ಒದ್ದೆಯಿದ್ದರೆ ಆರೋಗ್ಯ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ನಿದ್ದೆಯಿಂದ ಎದ್ದ ಮರಿಯ ಮೂಗು ಒಣಗಿರುತ್ತದೆ, ಜ್ವರದಲ್ಲಿರುವ ಮರಿಯ ಮೂಗು ಒದ್ದೆಯಿರಬಹುದು. ಇದನ್ನು ನಂಬಿ ಥರ್ಮಾಮೀಟರ್ ಬಿಡಬೇಡಿ.

ಕಿವಿಯನ್ನು ಮಗುಚಿ ಮೂಸಿ ನೋಡಿ. ಹೌದು, ಮೂಸಿಯೇ ನೋಡಬೇಕು. ಹುಳಿ ವಾಸನೆಯಿದ್ದರೆ ಸೋಂಕು. ಕಾಫಿಪುಡಿಯಂತಹ ಕಪ್ಪು ಕಸ ತುಂಬಿದ್ದು ಮರಿ ಸದಾ ತಲೆ ಕೊಡವುತ್ತಿದ್ದರೆ ಕಿವಿನುಸಿ. ಒಳಗೆ ಕಡ್ಡಿ ಹಾಕಬೇಡಿ, ಕಣ್ಣಿಗೆ ಕಾಣುವಷ್ಟನ್ನು ಮಾತ್ರ ಹತ್ತಿಯಿಂದ ಒರೆಸಿ.

ಹೆಜ್ಜೆ 6: ಚರ್ಮ ಮತ್ತು ಕೂದಲು

ಕೂದಲನ್ನು ಬೆನ್ನಿನಿಂದ ಬಾಲದ ಬುಡದವರೆಗೆ ಹಿಮ್ಮುಖವಾಗಿ ಬಿಡಿಸುತ್ತಾ ಹೋಗಿ. ಕರಿ ಕಾಳಿನಂತಹ ಕಸ ಕಂಡರೆ ಅದನ್ನು ಒದ್ದೆ ಬಿಳಿ ಹತ್ತಿಯ ಮೇಲೆ ಉಜ್ಜಿ. ಕೆಂಗಂದು ಬಣ್ಣ ಬಿಟ್ಟುಕೊಂಡರೆ ಅದು ಮಣ್ಣಲ್ಲ, ಚಿಗಟ ಹೀರಿ ವಿಸರ್ಜಿಸಿದ ರಕ್ತ. ಕಣ್ಣಿನ ಸುತ್ತ, ಮೊಣಕೈಯಲ್ಲಿ, ಕಿವಿಯ ಅಂಚಿನಲ್ಲಿ ಕೂದಲುದುರಿ ಚರ್ಮ ಒರಟಾಗಿದ್ದರೆ ಕಜ್ಜಿ. ದುಂಡಗೆ ಕೂದಲು ಹೋಗಿದ್ದರೆ ಹುಳುಕಡ್ಡಿ. ಇವುಗಳಲ್ಲಿ ಕೆಲವು ಮನೆಯ ಮಕ್ಕಳಿಗೂ ಹರಡುತ್ತವೆ, ಆದ್ದರಿಂದ ನೋಡಿದ ಮೇಲೆ ಕೈ ತೊಳೆಯಿರಿ.

ಉಣ್ಣೆ ಅಡಗುವ ಜಾಗಗಳು ನಿಶ್ಚಿತ: ಕಿವಿಯ ಒಳಮಡಿಕೆ, ಕತ್ತಿನ ಪಟ್ಟಿಯ ಕೆಳಗೆ, ಕಂಕುಳು, ಬೆರಳ ಸಂದು, ಬಾಲದ ಬುಡ. ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆಳೆಯಿರಿ. ಉಗುರಿನಿಂದ ಹಿಸುಕಬೇಡಿ, ಸ್ಪಿರಿಟ್ ಇರುವ ಚಿಕ್ಕ ಬಾಟಲಿಗೆ ಹಾಕಿ. ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ. ದನಗಳ ಮೈಗೆ ಹಚ್ಚುವ ಉಣ್ಣೆ ಔಷಧವನ್ನು ಮರಿಯ ಮೇಲೆ ಸುರಿಯುವುದಂತೂ ಬೇಡವೇ ಬೇಡ. ಮರಿ ಮೈ ನೆಕ್ಕಿಕೊಳ್ಳುತ್ತದೆ, ವಿಷವೇರುತ್ತದೆ. ಹಳ್ಳಿಗಳಲ್ಲಿ ಹೀಗೆ ಮರಿಗಳು ಸಾಯುವುದನ್ನು ನಾನು ಕಂಡಿದ್ದೇನೆ. ಮರಿಯ ವಯಸ್ಸು ಮತ್ತು ತೂಕ ಹೇಳಿ ವೈದ್ಯರಿಂದಲೇ ಔಷಧ ಪಡೆಯಿರಿ.

ಮಲೆನಾಡಿನ ಓದುಗರಿಗೆ ಉಣುಗು (ಉಣ್ಣೆಗೆ ಅಲ್ಲಿನ ಹೆಸರು) ಎಂಬ ಪದವೇ ಸಾಕು, ವಿವರಿಸಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣುಗುಗಳು. ನಾಯಿಯ ಮೈಯಲ್ಲಿ ಸಾಮಾನ್ಯವಾಗಿ ಕಾಣುವ ಕಂದು ಉಣ್ಣೆ ಬೇರೆ ಜಾತಿಯದು. ಆದರೂ ಕಾಡಂಚಿಗೆ ಹೋಗಿ ಬಂದ ಮರಿಯ ಮೈಯನ್ನು ಅಂಗಳದಲ್ಲೇ ನೋಡಿ, ಆಮೇಲೆ ಒಳಗೆ ಬಿಟ್ಟುಕೊಳ್ಳಿ.

ಹೆಜ್ಜೆ 7: ಹೊಟ್ಟೆ, ಹೊಕ್ಕುಳು, ಕಾಲು

ಊಟದ ನಂತರ ಹೊಟ್ಟೆ ಉಬ್ಬಿರುವುದು ಸರಿ. ಹಸಿದಾಗಲೂ ಗಡಿಗೆಯಂತಿದ್ದು, ಪಕ್ಕೆ ಮಾತ್ರ ಬಡಕಲಾಗಿದ್ದರೆ ಜಂತುಹುಳು ತುಂಬಿವೆ. ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ದಾಟುತ್ತದೆ, ಕೊಕ್ಕೆಹುಳು ಹಾಲಿನ ಮೂಲಕ ಬರುತ್ತದೆ. ಮನೆಯೊಳಗೇ ಹುಟ್ಟಿದ ಮರಿಗೂ ಹುಳು ಇರುವುದು ಇದರಿಂದಲೇ. ಎರಡನೆಯ ವಾರದಿಂದ ಆರಂಭಿಸಿ ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧ ಕೊಡುವುದು ರೂಢಿ.

ಹೊಕ್ಕುಳ ಜಾಗದಲ್ಲಿ ಮೆತ್ತನೆಯ ಗುಳ್ಳೆಯಿದ್ದು, ಒತ್ತಿದರೆ ಒಳಗೆ ಹೋದರೆ ಮುಂದಿನ ಭೇಟಿಯಲ್ಲಿ ತೋರಿಸಿದರಾಯಿತು. ಗಟ್ಟಿಯಾಗಿ, ನೋವಾಗಿ, ಬಣ್ಣ ಬದಲಾಗಿದ್ದರೆ ಆ ದಿನವೇ ಹೋಗಬೇಕು, ಕರುಳು ಸಿಕ್ಕಿಕೊಂಡಿರಬಹುದು.

ಕಾಲು ಸೊಟ್ಟಗಾಗುತ್ತಿದ್ದರೆ ಹೆಚ್ಚಿನವರು ಅಂಗಡಿಯಿಂದ ಕ್ಯಾಲ್ಸಿಯಂ ಸಿರಪ್ ತಂದು ಸುರಿಯುತ್ತಾರೆ. ಬರೀ ಅನ್ನ ಹಾಲು, ಅಥವಾ ಬರೀ ಮಾಂಸ ತಿಂದು ಬೆಳೆದ ಮರಿಯ ಮೂಳೆ ಬಲಹೀನವಾಗುವುದು ನಿಜ. ಆದರೆ ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಹೆಚ್ಚಾದರೂ ಮೂಳೆಯ ಬೆಳವಣಿಗೆ ಕೆಡುತ್ತದೆ. ಊಟ ಸರಿಪಡಿಸುವುದು ಮೊದಲು, ಸಿರಪ್ಪು ವೈದ್ಯರು ಹೇಳಿದರೆ ಮಾತ್ರ.

ಹೆಜ್ಜೆ 8: ಮಲ, ಮೂತ್ರ, ವಾಂತಿ

ಅಸಹ್ಯಪಡದೆ ನೋಡಬೇಕಾದದ್ದು ಇದು. ಎರಡು ತಿಂಗಳ ಮರಿ ದಿನಕ್ಕೆ ಮೂರರಿಂದ ಐದು ಬಾರಿ ಮಲ ಮಾಡಬಹುದು. ಕಂದು ಬಣ್ಣ, ಎತ್ತಿದರೆ ಮುರಿಯದಷ್ಟು ಗಟ್ಟಿ ಇದ್ದರೆ ಸರಿ. ಶಾವಿಗೆ ಎಳೆಯಂತೆ ಬಿಳಿಯ ಹುಳು ಕಂಡರೆ ದುಂಡುಹುಳು. ಗುದದ ಸುತ್ತ ಅಕ್ಕಿಕಾಳಿನಂತಹ ಚೂರುಗಳು ಅಂಟಿದ್ದರೆ ಲಾಡಿಹುಳು, ಅದನ್ನು ತರುವುದು ಚಿಗಟ. ಕೊಕ್ಕೆಹುಳು ಕಣ್ಣಿಗೆ ಕಾಣುವುದಿಲ್ಲ, ಮಲ ಡಾಂಬರಿನಂತೆ ಕಪ್ಪಾಗಿ ಅಂಟಾಗಿರುವುದೇ ಅದರ ಸುಳಿವು.

ಮನೆಯಲ್ಲಿ ಹಸುವಿನ ಹಾಲು ಮತ್ತು ಬಿಸ್ಕತ್ತು ಕೊಟ್ಟು ಭೇದಿ ತಂದುಕೊಂಡ ಮರಿಗಳು ಲೆಕ್ಕವಿಲ್ಲದಷ್ಟು. ಹಾಲಿನ ಸಕ್ಕರೆ ಅವುಗಳಿಗೆ ಸರಿಯಾಗಿ ಜೀರ್ಣವಾಗುವುದಿಲ್ಲ. ಊಟ ಬದಲಿಸಿದ್ದರಿಂದ ಒಂದೆರಡು ಸಲ ಸಡಿಲವಾಗಿ, ಮರಿ ಚುರುಕಾಗಿಯೇ ಇದ್ದರೆ ಹಾಲು ನಿಲ್ಲಿಸಿ, ಉಪ್ಪು ಖಾರವಿಲ್ಲದ ಮೆತ್ತನೆಯ ಅನ್ನಕ್ಕೆ ಬೇಯಿಸಿದ ಕೋಳಿಯ ಚೂರು ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಬಾರಿ ಕೊಡಿ. ಕುಡಿಯುವ ನೀರು ಸದಾ ಇರಲಿ.

ಪಾರ್ವೊ ಹೀಗಲ್ಲ. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳೇ ಅದರ ಮುಖ್ಯ ಬಲಿ. ಮೊದಲು ಮಂಕು, ಊಟ ಬೇಡ. ಆಮೇಲೆ ನೊರೆ ಅಥವಾ ಹಳದಿ ನೀರಿನ ವಾಂತಿ, ಮತ್ತೆ ಮತ್ತೆ. ಆಮೇಲೆ ನೀರಿನಂತಹ ಭೇದಿ, ಹಲವು ಮರಿಗಳಲ್ಲಿ ರಕ್ತ ಬೆರೆತದ್ದು. ಆ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಮರಿಯನ್ನು ಕೊಲ್ಲುವುದು ಹೆಚ್ಚಾಗಿ ನೀರಿನ ನಷ್ಟ ಮತ್ತು ಕರುಳಿನಿಂದ ರಕ್ತಕ್ಕೆ ನುಗ್ಗುವ ಸೋಂಕು. ಹಾಗಾಗಿ ಡ್ರಿಪ್ ಹಾಕಿಸಲು ಎಷ್ಟು ಬೇಗ ತಲುಪುತ್ತೀರಿ ಎಂಬುದರ ಮೇಲೆ ಬದುಕು ನಿಂತಿರುತ್ತದೆ. ದಾಳಿಂಬೆ ಸಿಪ್ಪೆಯ ಕಷಾಯ, ಮಜ್ಜಿಗೆ ಎಂದು ಒಂದು ದಿನ ಕಳೆಯಬೇಡಿ. ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ಬಲವಂತವಾಗಿ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಮೂತ್ರ ತಿಳಿಹಳದಿ ಇರಬೇಕು. ಕಾಫಿ ಡಿಕಾಕ್ಷನ್ ಬಣ್ಣ ಬಂದರೆ ಉಣ್ಣೆಜ್ವರದ ಶಂಕೆ, ತಕ್ಷಣ ರಕ್ತಪರೀಕ್ಷೆ ಬೇಕು.

ಹೆಜ್ಜೆ 9: ಕೊನೆಗೆ ನಾಡಿ ಮತ್ತು ಜ್ವರ

ಮರಿಗೆ ಇಷ್ಟವಾಗದ ಕೆಲಸ ಕೊನೆಯಲ್ಲಿರಲಿ. ಎಡ ಮೊಣಕೈಯ ಹಿಂದೆ ಎದೆಯ ಮೇಲೆ ಬೆರಳಿಟ್ಟರೆ ಹೃದಯದ ಬಡಿತ ಸಿಗುತ್ತದೆ. ಎಚ್ಚರವಿರುವ ಮರಿಯಲ್ಲಿ ನಿಮಿಷಕ್ಕೆ 120ರಿಂದ 160ರವರೆಗೆ ಇರುವುದುಂಟು, ನಮ್ಮ ಲೆಕ್ಕದಿಂದ ನೋಡಿ ಹೆದರಬೇಡಿ.

ಜ್ವರವನ್ನು ಗುದದಲ್ಲೇ ನೋಡಬೇಕು. ಒಬ್ಬರು ಮರಿಯನ್ನು ಎದೆಗಾನಿಸಿ ಹಿಡಿದು ಮಾತಾಡಿಸುತ್ತಿರಲಿ. ಥರ್ಮಾಮೀಟರಿನ ತುದಿಗೆ ಎಣ್ಣೆ ಸವರಿ, ಬಾಲವೆತ್ತಿ, ಒಂದೆರಡು ಸೆಂಟಿಮೀಟರ್ ಮಾತ್ರ ಮೆಲ್ಲಗೆ ಒಳಗಿಟ್ಟು, ಸದ್ದು ಬರುವವರೆಗೆ ಕೈ ಬಿಡದೆ ಹಿಡಿದುಕೊಳ್ಳಿ. ತಡೆ ಸಿಕ್ಕರೆ ನೂಕಬೇಡಿ. ಎರಡು ತಿಂಗಳ ಮರಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮಗೆ ಜ್ವರವೆನಿಸುವ ಅಂಕಿ ಅದಕ್ಕೆ ಆರೋಗ್ಯ. 103 ದಾಟಿದರೆ ವೈದ್ಯರಿಗೆ ಫೋನ್ ಮಾಡಿ, 104 ಮುಟ್ಟಿದರೆ ಹೊರಡಿ. 99ಕ್ಕಿಂತ ಕೆಳಗಿಳಿದರೆ ಅದು ಜ್ವರಕ್ಕಿಂತಲೂ ಕೆಟ್ಟ ಸೂಚನೆ.

ಜ್ವರವಿದೆಯೆಂದು ಮನುಷ್ಯರ ಮಾತ್ರೆ ಕೊಡಬೇಡಿ. ಪ್ಯಾರಸಿಟಮಾಲ್ ಯಕೃತ್ತನ್ನೂ ರಕ್ತವನ್ನೂ ಕೆಡಿಸುತ್ತದೆ, ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಅರ್ಧ ಮಾತ್ರೆ ತಾನೇ ಎನ್ನಬೇಡಿ, ಮೂರು ಕಿಲೋ ಮೈಗೆ ಅದು ಅರ್ಧವಲ್ಲ.

ಕಲಬುರಗಿ, ರಾಯಚೂರಿನಂತಹ ಕಡೆ ಬೇಸಿಗೆಯಲ್ಲಿ ಮರಿ ತೇಕುತ್ತಾ ಕುಸಿದರೆ ಅದು ಸೋಂಕಿನ ಜ್ವರವಲ್ಲ, ಬಿಸಿಲಿನ ಹೊಡೆತ. ನೆರಳಿಗೆ ತಂದು, ಸಾಧಾರಣ ತಂಪಿನ ನೀರನ್ನು ಮೈಗೆ ಸುರಿದು, ಫ್ಯಾನ್ ಹಾಕಿ, ಹಾಗೆಯೇ ಆಸ್ಪತ್ರೆಗೆ ಒಯ್ಯಿರಿ. ಮಂಜುಗಡ್ಡೆ ಬೇಡ. ಪಗ್‌ನಂತಹ ಮೊಂಡುಮೂಗಿನ ಮರಿಗಳಿಗೆ ಈ ಅಪಾಯ ಹೆಚ್ಚು.

ತಾಯಿಯಿಲ್ಲದ ಹಸುಗೂಸು ಸಿಕ್ಕಿದ್ದರೆ

ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಬೀದಿಗಳಲ್ಲಿ ಮರಿಗಳು ಹೆಚ್ಚಾಗಿ ಹುಟ್ಟುತ್ತವೆ. ಕಣ್ಣು ಬಿಡದ ಮರಿ ಸಿಕ್ಕರೆ ಮೇಲಿನ ಅಂಕಿಗಳು ಅನ್ವಯಿಸುವುದಿಲ್ಲ. ಕಣ್ಣು ಬಿಡುವುದು 10ರಿಂದ 14 ದಿನಕ್ಕೆ. ಮೊದಲ ವಾರ ಅದರ ಮೈಯ ಬಿಸಿ 95ರಿಂದ 99 ಡಿಗ್ರಿ ಮಾತ್ರ, ತನ್ನನ್ನು ತಾನು ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಮೊದಲ ಕೆಲಸ ಹಾಲು ಕೊಡುವುದಲ್ಲ, ಬೆಚ್ಚಗೆ ಮಾಡುವುದು. ತಣ್ಣಗಾದ ಮರಿಯ ಹೊಟ್ಟೆಗೆ ಹಾಲು ಹೋದರೆ ಜೀರ್ಣವಾಗದೆ ಪ್ರಾಣಕ್ಕೇ ಸಂಚಕಾರ. ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ, ದೂರ ಸರಿಯಲೂ ಜಾಗವಿರಲಿ. ನಂತರ ಮರಿಗಳಿಗೆಂದೇ ಇರುವ ಹಾಲಿನ ಪುಡಿಯನ್ನು ಕಲಸಿ, ಹೊಟ್ಟೆ ಕೆಳಗಾಗಿ ಮಲಗಿಸಿಯೇ ಕುಡಿಸಿ. ಮಗುವಿನಂತೆ ಅಂಗಾತ ಹಿಡಿಯಬೇಡಿ. ಪ್ರತಿ ಬಾರಿ ಹಾಲಾದ ಮೇಲೆ ಬೆಚ್ಚನೆ ನೀರಿನಲ್ಲಿ ಅದ್ದಿದ ಹತ್ತಿಯಿಂದ ಕೆಳಹೊಟ್ಟೆ ಸವರಿದರೆ ಮಾತ್ರ ಮಲಮೂತ್ರ ಮಾಡುತ್ತದೆ. ತಾಯಿ ನೆಕ್ಕುವುದು ಇದಕ್ಕಾಗಿಯೇ.

ಈಗಲೇ ಹೊರಡಬೇಕಾದ ಸಂದರ್ಭಗಳು

ಮೇಲೆ ಹೇಳಿದ ಒಸಡಿನ ಬಣ್ಣಗಳು, ಉಸಿರಾಟದ ಕಷ್ಟ, ರಕ್ತಭೇದಿ, ಕೆಲವು ಗಂಟೆಗಳಲ್ಲಿ ಎರಡು ಮೂರು ವಾಂತಿಯ ಜೊತೆ ಮಂಕು. ಇವಲ್ಲದೆ ಫಿಟ್ಸ್, ಉಬ್ಬಿ ಬಿಗಿದ ಹೊಟ್ಟೆ, ಇಲಿಪಾಷಾಣ ಅಥವಾ ಕೀಟನಾಶಕ ನೆಕ್ಕಿದ ಅನುಮಾನ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ತಿಂದಿದ್ದರೂ ಲಕ್ಷಣ ಕಾಣುವವರೆಗೆ ಕಾಯಬೇಡಿ. ತಿಂದದ್ದರ ಪೊಟ್ಟಣ ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ.

ಪುಟ್ಟ ತಳಿಯ ಮರಿಯೊಂದು ಹೊತ್ತು ಮೀರಿ ಹಸಿದು ತೂರಾಡುತ್ತಿದ್ದರೆ, ನಡುಗುತ್ತಿದ್ದರೆ ರಕ್ತದ ಸಕ್ಕರೆ ಇಳಿದಿರಬಹುದು. ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನಾಲ್ಕು ಹನಿ ನೀರಿನಲ್ಲಿ ಕಲಸಿ ಒಸಡಿಗೆ ಸವರಿ, ದಾರಿಯಲ್ಲಿ ಬೆಚ್ಚಗೆ ಹೊದಿಸಿಕೊಂಡು ಹೋಗಿ.

ರಾತ್ರಿ ಯಾರು ಬಾಗಿಲು ತೆರೆಯುತ್ತಾರೆ ಎಂಬುದನ್ನು ಮರಿ ಚೆನ್ನಾಗಿರುವಾಗಲೇ ವಿಚಾರಿಸಿ, ಆ ನಂಬರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದವರು ಅಲ್ಲಿನ ಆಸ್ಪತ್ರೆಯ ವೇಳೆಯನ್ನೂ ಕೇಳಿಟ್ಟುಕೊಳ್ಳಬಹುದು.

ನೋಟ್‌ಬುಕ್ಕಿನಲ್ಲಿ ಏನಿರಬೇಕು

ದಿನವೂ ಎರಡು ನಿಮಿಷ: ಊಟ, ಮಲ, ಚುರುಕುತನ. ವಾರಕ್ಕೊಮ್ಮೆ ಹದಿನೈದು ನಿಮಿಷ: ತೂಕದಿಂದ ಜ್ವರದವರೆಗೆ ಎಲ್ಲವೂ. ಹಿಂದಿನ ಪುಟದಲ್ಲಿ ಲಸಿಕೆಯ ದಿನಾಂಕಗಳು. ಪಾರ್ವೊ, ಡಿಸ್ಟೆಂಪರ್ ಸೇರಿದ ಲಸಿಕೆಯನ್ನು ಆರರಿಂದ ಎಂಟು ವಾರದೊಳಗೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ಹಾಕಿಸಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೊದಲ ಲಸಿಕೆಗಳನ್ನು ಕೆಲಸ ಮಾಡಲು ಬಿಡದಿರಬಹುದು, ಒಂದೇ ಸಲ ಹಾಕಿಸಿದರೆ ಸಾಲದು ಎನ್ನುವುದು ಅದಕ್ಕಾಗಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಇವು ಮುಗಿಯುವವರೆಗೆ ಮರಿಯನ್ನು ಬೇರೆ ನಾಯಿಗಳು ಓಡಾಡುವ ಬೀದಿಯ ಮಣ್ಣಿಗೆ ಇಳಿಸಬೇಡಿ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲಿಗೆ ಅದು ಜಗ್ಗುವುದಿಲ್ಲ. ಹಿಂದೆ ಪಾರ್ವೊದಿಂದ ಮರಿ ತೀರಿಕೊಂಡ ಮನೆಯಾದರೆ ನೆಲವನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ತೊಳೆಯಿರಿ. ಬ್ಲೀಚಿಗೆ ಆ್ಯಸಿಡನ್ನಾಗಲಿ ಬೇರೆ ಕ್ಲೀನರನ್ನಾಗಲಿ ಬೆರೆಸಬೇಡಿ. ಬೆಲ್ಲ ಬರುವ ಮುಂಚೆ ನಾವು ಮನೆಯನ್ನೆಲ್ಲ ಹೀಗೆ ತೊಳೆದು, ಗುಂಡನ ಹಾಸಿಗೆ, ಬಟ್ಟಲುಗಳನ್ನು ಎಸೆದು ಹೊಸತು ತಂದೆವು.

ಆಸ್ಪತ್ರೆಗೆ ಹೋಗುವಾಗ ಮಲದ ಚೂರನ್ನು ಶುಚಿಯಾದ ಪುಟ್ಟ ಡಬ್ಬಿಯಲ್ಲಿ, ವಾಂತಿಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಕೆಮ್ಮು, ನಡುಕ, ಕುಂಟು ಆಗಾಗ ಬಂದು ಹೋಗುವಂತಿದ್ದರೆ ವಿಡಿಯೊ ಮಾಡಿ, ವೈದ್ಯರ ಮೇಜಿನ ಮೇಲೆ ಮರಿ ಏನೂ ಆಗಿಲ್ಲವೆಂಬಂತೆ ನಿಲ್ಲುವುದುಂಟು. ಲಸಿಕೆ ಮುಗಿಯದ ಮರಿಯನ್ನು ಅಲ್ಲಿನ ನೆಲಕ್ಕೆ ಬಿಡದೆ ಮಡಿಲಲ್ಲೇ ಇಟ್ಟುಕೊಳ್ಳಿ. ಭೇದಿಯಾಗುತ್ತಿರುವ ಮರಿಯಾದರೆ ಬಾಗಿಲಲ್ಲೇ ನಿಂತು ತಿಳಿಸಿ, ಒಳಗೆ ಬೇರೆಯವರ ಮರಿಗಳೂ ಕಾಯುತ್ತಿರುತ್ತವೆ. ಸರದಿ ಬಂದಾಗ ನೋಟ್‌ಬುಕ್ಕನ್ನು ತೆರೆದು ಓದಿ ಹೇಳಿ: ನಿನ್ನೆ ರಾತ್ರಿ ಎಂಟಕ್ಕೆ ಕೊನೆಯ ಊಟ, ಹನ್ನೊಂದಕ್ಕೆ ಮೊದಲ ವಾಂತಿ, ಬೆಳಿಗ್ಗೆ ಐದಕ್ಕೆ 103.4, ಒಸಡು ಅಂಟು, ಸೋಮವಾರದ ತೂಕ 3.2 ಕಿಲೋ, ಇಂದು 3.